ನೀಲಿನಕ್ಷೆಯಲ್ಲಿ ಇಲ್ಲದ ಚೆಂಡು

ದೊಡ್ಡ ಆಟಗಾರರ ಆಟವನ್ನು ನೋಡಿ ನೋಡಿಯೇ ನಮ್ಮಂಥವರು ಕಲಿಯಬೇಕು ಎಂದು ಯಾರಾದರೂ ಹೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹೇಳುವವನು ಸಾಮಾನ್ಯವಾಗಿ ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿಕೊಂಡು ಕೂತಿರುತ್ತಾನೆ. ಭಾನುವಾರದ ಇಂಗ್ಲಿಷ್ ಪತ್ರಿಕೆಯಲ್ಲಿ ಯಾವನೋ ಚಾಂಪಿಯನ್ನನ ಫೋಟೋ ನೋಡಿರುತ್ತಾನೆ. ಸೋಮವಾರ ಬೆಳಿಗ್ಗೆ ಅವನ ಸೊಂಟ ಹಿಡಿದುಕೊಂಡಿರುತ್ತದೆ. ನೋಡಿ ಕಲಿಯುವುದು ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಏನನ್ನು ನೋಡಬೇಕು ಎಂದು ತಿಳಿಯದವನು ಎಷ್ಟು ನೋಡಿದರೂ ಅಷ್ಟೆ. ಇಷ್ಟು ಧೈರ್ಯವಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ. ಆ ಬೆತ್ತದ ಕುರ್ಚಿಯಲ್ಲಿ ನಾನೂ ಕೂತಿದ್ದೆ, ಮತ್ತು ನನ್ನಿಂದ ಒಬ್ಬ ಮನುಷ್ಯನ ಕೆಲಸ ಹೋಯಿತು.

ಸ್ವಾತಂತ್ರ್ಯ ಬಂದ ಮರುವರ್ಷದ ಮಾತು. ನಾನು ಆಗ ಹಲಸೂರಿನಲ್ಲಿದ್ದೆ. ವಿಮಾನಪುರದ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ನಕ್ಷೆ ಬರೆಯುವ ಕೆಲಸ. ದಿನಾ ಸೈಕಲ್ಲಿನಲ್ಲಿ ಹೋಗಿ, ರೆಕ್ಕೆಯ ಯಾವುದೋ ಮೂಲೆಗೆ ಬೇಕಾದ ಒಂದು ಬೋಲ್ಟನ್ನು ಮೇಲಿನಿಂದ, ಮುಂದಿನಿಂದ, ಪಕ್ಕದಿಂದ ನೋಡಿದ ಹಾಗೆ ಮೂರು ಸಲ ಬರೆದು, ಸಂಜೆ ಸೈಕಲ್ಲಿನಲ್ಲೇ ವಾಪಸು ಬರುತ್ತಿದ್ದೆ. ಇಂಥವರಿಗೆ ಗಾಲ್ಫ್ ಯಾಕೆ ಎಂದು ನನ್ನ ಹೆಂಡತಿ ಕೇಳಿದಳು. ನ್ಯಾಯವಾದ ಪ್ರಶ್ನೆ. ದಂಡಿನ, ಎಂದರೆ ಕಂಟೋನ್ಮೆಂಟಿನ, ದೊರೆಗಳು ಆಗ ಗಂಟುಮೂಟೆ ಕಟ್ಟುತ್ತಿದ್ದರು. ಅವರು ಬಿಟ್ಟುಹೋದ ಪಿಯಾನೋ, ಹ್ಯಾಟು, ಸ್ನಾನದ ತೊಟ್ಟಿ, ಜಿಂಕೆಯ ಕೊಂಬು ಎಲ್ಲವೂ ರಸೆಲ್ ಮಾರ್ಕೆಟ್ಟಿನ ಹಿಂದಿನ ಗುಜರಿ ಅಂಗಡಿಗಳಿಗೆ ಬಂದು ಬಿದ್ದಿದ್ದವು. ಸೈಕಲ್ಲಿಗೆ ಒಂದು ಗಂಟೆ ಕೊಳ್ಳಲು ಹೋದ ನಾನು ಗಾಲ್ಫ್ ಕೋಲುಗಳ ಒಂದು ಚೀಲದ ಮುಂದೆ ನಿಂತೆ.

"ಕರ್ನಲ್ ಸಾಬ್ ಕಾ ಮಾಲ್, ಸಾಬ್," ಎಂದರು ಅಂಗಡಿಯ ಮುದುಕರು. "ಸುಮ್ನೆ ಕೈಯಲ್ಲಿ ಹಿಡ್ಕೊಳ್ಳಿ, ಚೆಂಡು ತಾನೇ ಹೋಗ್ತದೆ."

ಆ ಕರ್ನಲ್ ಆರಡಿಯ ಮೇಲೆ ಇದ್ದಿರಬೇಕು. ನಾನು ಐದಡಿ ಮೂರಂಗುಲ. ದೊಡ್ಡ ಕೋಲನ್ನು ನೆಲಕ್ಕೆ ಊರಿದರೆ ಹಿಡಿಯ ತುದಿ ಹೊಟ್ಟೆಗೆ ತಿವಿಯುತ್ತಿತ್ತು. ಆದರೂ ಕೊಂಡೆ. ನಿನ್ನೆಯವರೆಗೆ ನಮ್ಮನ್ನು ಬೇಲಿಯ ಆಚೆ ನಿಲ್ಲಿಸಿದ್ದವರ ಕೋಲು ಇವತ್ತು ನನ್ನ ಹೆಗಲ ಮೇಲೆ ಎನ್ನುವುದರ ಖುಷಿ ದೊಡ್ಡದಾಗಿತ್ತು. ಅದು ದೇಶಭಕ್ತಿ ಎಂದೇ ನಾನು ತಿಳಿದಿದ್ದೆ.

ಈಗ ಇಂದಿರಾನಗರ ಎನ್ನುವ ಕಡೆ ಆಗ ಬಿನ್ನಮಂಗಲದವರ ಹೊಲಗಳಿದ್ದವು. ಆ ಹೊಲಗಳ ಅಂಚಿನಲ್ಲಿ ದಂಡಿನ ಸಣ್ಣಪುಟ್ಟ ಅಧಿಕಾರಿಗಳಿಗೆಂದು ಮಾಡಿದ್ದ ಒಂದು ಗಾಲ್ಫ್ ಮೈದಾನ. ದೊರೆಗಳು ಕಡಿಮೆಯಾದ ಮೇಲೆ ಚಂದಾ ಕೊಟ್ಟ ನಮ್ಮಂಥವರನ್ನೂ ಅಲ್ಲಿನ ಕ್ಲಬ್ಬು ಸೇರಿಸಿಕೊಂಡಿತ್ತು. ಒಂಬತ್ತೇ ಕುಳಿ; ಎಷ್ಟು ಕಡಿಮೆ ಹೊಡೆತಗಳಲ್ಲಿ ಚೆಂಡನ್ನು ಅವುಗಳಿಗೆಲ್ಲ ಬೀಳಿಸಿದರೆ ಅಷ್ಟು ಒಳ್ಳೆಯ ಆಟ. ಮಳೆಗಾಲ ಮುಗಿದರೆ ಹುಲ್ಲು ಒಣಗಿ ಕೆಮ್ಮಣ್ಣು ಕಾಣುತ್ತಿತ್ತು. ಕುಳಿಯ ಸುತ್ತ ಚೆಂಡನ್ನು ಮೆಲ್ಲಗೆ ಉರುಳಿಸುವ ಜಾಗದಲ್ಲಿ ಹುಲ್ಲೇ ಇರಲಿಲ್ಲ. ಎಣ್ಣೆ ಬೆರೆಸಿದ ಮರಳನ್ನು ಹರಡಿ ತಟ್ಟಿದ ಕಣ ಅದು. ಪ್ರತಿ ಕಣದ ಪಕ್ಕದಲ್ಲೂ ಬಿದಿರಿನ ಗಳುವಿಗೆ ಕಟ್ಟಿದ ಒಂದು ಗೋಣಿತಟ್ಟು. ಆಡಿ ಮುಗಿದ ಮೇಲೆ ನಿಮ್ಮ ಹೆಜ್ಜೆಗಳ ಮೇಲೆ ನೀವೇ ಆ ಗೋಣಿತಟ್ಟು ಎಳೆದು, ಮರಳನ್ನು ಸಮ ಮಾಡಿ, ಹಿಂದಿನಿಂದ ಬರುವವರಿಗೆ ಬಿಟ್ಟುಕೊಡಬೇಕು. ದೊರೆಗಳು ಇದನ್ನು ಆಳುಗಳಿಂದ ಮಾಡಿಸುತ್ತಿದ್ದರು. ಅದನ್ನು ನಮ್ಮ ಕೈಯಿಂದಲೇ ಮಾಡಿಸಿದವನು ಮೇಸ್ತ್ರಿ.

ಮೇಸ್ತ್ರಿ ಅಂದರೆ ಆ ಕ್ಲಬ್ಬಿನ ವೃತ್ತಿ ಆಟಗಾರ. ಸಂಬಳಕ್ಕೆ ಆಡುವವನು, ಆಡಲು ಕಲಿಸುವವನು, ಕೋಲು ಮುರಿದರೆ ರಿಪೇರಿ ಮಾಡುವವನು, ಎಲ್ಲ ಅವನೇ. ಬಿನ್ನಮಂಗಲದವನು. ಅವನ ಅಪ್ಪನ ರಾಗಿ ಹೊಲ ನಾಲ್ಕನೆಯ ಕುಳಿಯ ಕೆಳಗೆ ಸೇರಿಹೋಗಿತ್ತು. ಹೊಲ ಹೋದ ಮೇಲೆ ಅದೇ ನೆಲದ ಮೇಲೆ ದೊರೆಗಳ ಚೀಲ ಹೊತ್ತು, ಅವರು ಬಿಸಾಡಿದ ಕೋಲಿನಲ್ಲಿ ಆಡಿ, ಅವರೆಲ್ಲರಿಗಿಂತ ಚೆನ್ನಾಗಿ ಕಲಿತಿದ್ದ. ಐವತ್ತೈದರ ಹತ್ತಿರದ ವಯಸ್ಸು. ಬರಿಗಾಲು, ಮೊಣಕಾಲಿನವರೆಗೆ ಚಡ್ಡಿ, ಮೇಲೆ ಯಾವನೋ ಮೇಜರ್ ಕೊಟ್ಟುಹೋದ ಉಣ್ಣೆಯ ಕೋಟು. ಕ್ಲಬ್ಬಿನ ಹಿಂದೆ ಹೆಂಚಿನ ಒಂದು ಕೋಣೆ ಅವನ ಮನೆ. ಕೆಲಸ ಇರುವ ತನಕ ಆ ಕೋಣೆ.

ಅವನು ಕಲಿಸುವ ರೀತಿ ನಮಗೆ ಹಿಡಿಸುತ್ತಿರಲಿಲ್ಲ ಎಂದು ಒಪ್ಪಿಕೊಳ್ಳಬೇಕು. ನಾವು ಎಂದರೆ ನಾನು ಮತ್ತು ನನ್ನ ಪಕ್ಕದ ಮೇಜಿನಲ್ಲಿ ನಕ್ಷೆ ಬರೆಯುತ್ತಿದ್ದ ಗೆಳೆಯ. ಇಬ್ಬರಿಗೂ ಚೆಂಡನ್ನು ಬೈಯಪ್ಪನಹಳ್ಳಿಯವರೆಗೆ ಹಾರಿಸುವ ಆಸೆ. ಮೇಸ್ತ್ರಿ ಮೊದಲ ಎರಡು ತಿಂಗಳು ನಮ್ಮನ್ನು ಮರಳಿನ ಕಣ ಬಿಟ್ಟು ಹೊರಗೆ ಬರಗೊಡಲಿಲ್ಲ. ಆಮೇಲೆ ಕರ್ನಲ್ ಸಾಹೇಬರ ಚೀಲದಲ್ಲಿ ಕೈ ಹಾಕಿ ಮೂರು ಕೋಲು ತೆಗೆದುಕೊಟ್ಟು, ಮಿಕ್ಕವನ್ನು ಮನೆಯಲ್ಲಿಟ್ಟು ಬರಲು ಹೇಳಿದ.

"ದೂರ ಒಡೆಯೋದು ಇನ್ನೊಬ್ರಿಗೆ ತೋರ್ಸೋಕೆ ಸಾರ್. ನಿಮ್ಗೆ ಲೆಕ್ಕ ಕಮ್ಮಿ ಆಗ್ಬೇಕಾ, ತೋರುಸ್ಬೇಕಾ? ಮೊದ್ಲು ಅದ ಯೋಳಿ."

ತೋರಿಸಬೇಕಾಗಿತ್ತು. ಆದರೆ ಹಾಗೆಂದು ಹೇಳುವುದು ಹೇಗೆ? ಅವನು ಹೇಳಿದ ಹಾಗೆ ಆಡಿದೆವು. ಆರು ತಿಂಗಳಲ್ಲಿ ನಾನು ಒಂಬತ್ತು ಕುಳಿಗಳನ್ನು ಐವತ್ತೈದು, ಐವತ್ತಾರು ಹೊಡೆತಗಳಲ್ಲಿ ಮುಗಿಸುವಂತಾದೆ. ಗಾಲ್ಫ್ ತಿಳಿದವರು ನಗುತ್ತಾರೆ, ನಗಲಿ. ಅರವತ್ತರ ಒಳಗೆ ಬಾರದ ದೊರೆಗಳು ಇಪ್ಪತ್ತು ವರ್ಷ ಅಲ್ಲಿ ಆಡಿ ಹೋಗಿದ್ದರು.

ದೊರೆಗಳು ಹೋದ ಮೇಲೆ ಕ್ಲಬ್ಬಿಗೆ ನಮ್ಮವರದೇ ಒಂದು ಕಮಿಟಿ ಬಂತು, ಒಬ್ಬ ಕಾರ್ಯದರ್ಶಿಯೂ ಬಂದರು. ಸೈನ್ಯದ ಪಟಾಲಮ್ಮಿಗೆ ಅಕ್ಕಿ ಬೇಳೆ ಸರಬರಾಜು ಮಾಡಿಸುವ ಇಲಾಖೆಯಿಂದ ನಿವೃತ್ತರಾದ ಅಧಿಕಾರಿ. ಹೊರಟುಹೋದವರ ಕುರ್ಚಿ, ಅವರ ಪೈಪು, ಅವರ ಕೆಮ್ಮು ಮೂರನ್ನೂ ಉಳಿಸಿಕೊಂಡಿದ್ದರು. ಬರಿಗಾಲಿನ ಮೇಸ್ತ್ರಿಯನ್ನು ಕಂಡರೆ ಅವರಿಗೆ ಸಂಕಟ.

"ಏನ್ರೀ ಇದು, ಸರ್ಟಿಫಿಕೇಟ್ ಇಲ್ಲ, ಶೂಸ್ ಇಲ್ಲ," ಎಂದರು ಒಂದು ಸಂಜೆ ವರಾಂಡದಲ್ಲಿ ಎಲ್ಲರ ಎದುರಿಗೆ. ಮೇಸ್ತ್ರಿ ಅಲ್ಲೇ ಮೆಟ್ಟಿಲ ಮೇಲೆ ಕೋಲೊಂದಕ್ಕೆ ದಾರ ಸುತ್ತುತ್ತಿದ್ದ. "ನಾಳೆ ಡೆಲ್ಲಿಯಿಂದ ಯಾರಾದ್ರೂ ಬಂದ್ರೆ ಇವನನ್ನ ತೋರಿಸ್ಲಾ? ಮದ್ರಾಸಿನಲ್ಲಿ ಟ್ರೈನಿಂಗ್ ಆದ ಮೇಷ್ಟ್ರು ಒಬ್ರು ಬರೋಕೆ ತಯಾರಿದಾರೆ."

ನನಗೆ ಕೋಪ ಬಂತು. ಕಲಿಸುವುದರಲ್ಲಿ ಅವನ ಸಮ ಯಾರಿದ್ದಾರೆ ಎಂದು ಕೇಳಿಯೇ ಬಿಟ್ಟೆ. ಕಾರ್ಯದರ್ಶಿಗಳು ಪೈಪನ್ನು ಬಾಯಿಂದ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹಾಗಾದ್ರೆ ಪ್ರೂವ್ ಮಾಡಿ. ಮುಂದಿನ ತಿಂಗಳ ಕಪ್ ಮ್ಯಾಚಿನಲ್ಲಿ ಇವನ ಶಿಷ್ಯರಲ್ಲಿ ಒಬ್ರು ಐವತ್ತನಾಲ್ಕಕ್ಕೆ ಬನ್ನಿ. ಬಂದ್ರೆ ಇವನು ಇರ್ತಾನೆ. ಬರ್ದಿದ್ರೆ ರೂಮು ಖಾಲಿ ಮಾಡ್ತಾನೆ." ಕಮಿಟಿಯವರು ತಲೆಯಾಡಿಸಿದರು. ಮೇಸ್ತ್ರಿ ದಾರದ ತುದಿಯನ್ನು ಹಲ್ಲಿನಿಂದ ಕಡಿದ. ಒಂದು ಕುಳಿಗೆ ಆರು ಹೊಡೆತದ ಲೆಕ್ಕ. ನನಗೂ ಅದಕ್ಕೂ ಒಂದೇ ಒಂದು ಹೊಡೆತದ ದೂರ.

ನಮ್ಮ ಗ್ರಹಚಾರಕ್ಕೆ ಅದೇ ತಿಂಗಳು ಒಬ್ಬ ಗಾಲ್ಫ್ ಚಾಂಪಿಯನ್ ಬಂದ. ಹೊರದೇಶದವನು, ಕಲ್ಕತ್ತೆಯಿಂದ ಕೊಲಂಬೋಗೆ ಹೋಗುವ ದಾರಿಯಲ್ಲಿ ಎರಡು ದಿನ ದಂಡಿನಲ್ಲಿ ಇಳಿದುಕೊಂಡಿದ್ದ. ಕಾರ್ಯದರ್ಶಿಗಳು ಕಾಲಿಗೆ ಬೀಳುವುದೊಂದನ್ನು ಬಿಟ್ಟು ಎಲ್ಲವನ್ನೂ ಮಾಡಿ, ಅವನನ್ನು ನಮ್ಮ ಮೈದಾನಕ್ಕೆ ಕರೆತಂದು ಒಂಬತ್ತು ಕುಳಿ ಆಡಿಸಿದರು. ಅರ್ಧ ಹಲಸೂರು ಬಂದಿತ್ತು. ಅವನು ಮೊದಲ ಚೆಂಡನ್ನು ಹೊಡೆದಾಗ ಅದು ಎಲ್ಲಿ ಹೋಯಿತೆಂದು ಯಾರಿಗೂ ಕಾಣಲಿಲ್ಲ. ಕಾಣದಿದ್ದರೂ ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು ಮತ್ತು ಗೆಳೆಯ ಚಪ್ಪಾಳೆ ತಟ್ಟಲಿಲ್ಲ. ನಮ್ಮ ಕೈ ಖಾಲಿ ಇರಲಿಲ್ಲ. ಆಫೀಸಿನ ಕಾಗದ, ಪೆನ್ಸಿಲ್ಲು, ಕೋನ ಅಳೆಯುವ ಸಾಧನ, ಕಾರ್ಖಾನೆಯಿಂದ ಕೇಳಿ ತಂದ ಸ್ಟಾಪ್‌ವಾಚು, ಎಲ್ಲ ಹಿಡಿದು ಹೋಗಿದ್ದೆವು. ವಿಮಾನದ ರೆಕ್ಕೆಯನ್ನೇ ಕಾಗದಕ್ಕೆ ಇಳಿಸಿದವರಿಗೆ ಒಬ್ಬ ಮನುಷ್ಯನ ತೋಳು ಯಾವ ಲೆಕ್ಕ? ಎಡ ಹಿಮ್ಮಡಿ ನೆಲದಿಂದ ಎರಡಂಗುಲ. ಸೊಂಟ ನಲವತ್ತೈದು ಡಿಗ್ರಿ. ಮೇಲೆ ಹೋಗಿ ಕೆಳಗೆ ಬರಲು ಒಂದೂವರೆ ಸೆಕೆಂಡು. ಗೆಳೆಯ ಹೇಳುತ್ತಿದ್ದ, ನಾನು ಬರೆಯುತ್ತಿದ್ದೆ. ಇದೆಲ್ಲ ಮೇಸ್ತ್ರಿಯನ್ನು ಉಳಿಸುವುದಕ್ಕೇ ಎಂದು ಒಬ್ಬರಿಗೊಬ್ಬರು ಹೇಳಿಕೊಂಡೆವು. ನಂಬಿಯೂ ಇದ್ದೆವು.

ಏಳನೆಯ ಕುಳಿಯ ಹತ್ತಿರ ಅವನ ಚೆಂಡು ಲಂಟಾನಾ ಪೊದೆಯೊಳಕ್ಕೆ ಹೋಯಿತು. ಇನ್ನೇನೋ ಪವಾಡ ಮಾಡುತ್ತಾನೆ ಎಂದು ಜನ ಮುಗಿಬಿದ್ದರು. ಅವನು ಬಗ್ಗಿ ನೋಡಿದ, ಎದ್ದು ಸುತ್ತ ನೋಡಿದ, ಚಿಕ್ಕ ಕೋಲು ತೆಗೆದುಕೊಂಡು ಚೆಂಡನ್ನು ಪಕ್ಕದ ಬಯಲಿಗೆ ಮೆಲ್ಲಗೆ ತಟ್ಟಿದ. ಅಷ್ಟೆ. ಹತ್ತು ಗಜ, ಅದೂ ಅಡ್ಡಕ್ಕೆ. ಜನ ಲೊಚಗುಟ್ಟಿದರು. ನಾನು ಆ ಹೊತ್ತನ್ನು ಪೆನ್ಸಿಲ್ ಚೂಪು ಮಾಡಲು ಬಳಸಿಕೊಂಡೆ. ಅಷ್ಟು ಜನದಲ್ಲಿ ಒಬ್ಬನೇ ಒಬ್ಬ ಚಪ್ಪಾಳೆ ತಟ್ಟಿದ್ದು ಕೇಳಿ ತಿರುಗಿ ನೋಡಿದರೆ ಮೇಸ್ತ್ರಿ. ಮುದುಕನಿಗೆ ಅರಳುಮರಳು ಎಂದುಕೊಂಡೆ.

ಸೋಮವಾರ ಊಟದ ಬಿಡುವಿನಲ್ಲಿ ನಕ್ಷೆ ತಯಾರಾಯಿತು. ಮುಂದಿನ ನೋಟ, ಪಕ್ಕದ ನೋಟ, ಮೇಲಿನ ನೋಟ. ಚಾಂಪಿಯನ್ ಆರಡಿ ಒಂದಂಗುಲ, ನಾನು ಐದಡಿ ಮೂರು. ಆದ್ದರಿಂದ ಅಳತೆಗಳನ್ನೆಲ್ಲ ಅದೇ ಪ್ರಮಾಣದಲ್ಲಿ ಇಳಿಸಿದೆವು, ಹಿಮ್ಮಡಿಯ ಎರಡಂಗುಲವನ್ನೂ ಬಿಡಲಿಲ್ಲ. ಮೂಲೆಯಲ್ಲಿ ಬರೆದವರು, ಪರೀಕ್ಷಿಸಿದವರು ಎಂದು ರುಜು ಹಾಕಿ ನೀಲಿ ಪ್ರಿಂಟು ತೆಗೆದೆವು. ಆ ನಕ್ಷೆಯನ್ನು ನೋಡಿಕೊಂಡು ಒಬ್ಬ ಚಾಂಪಿಯನ್ನನನ್ನು ಕಾರ್ಖಾನೆಯಲ್ಲೇ ತಯಾರಿಸಬಹುದು ಎನ್ನುವಷ್ಟು ಚೆನ್ನಾಗಿತ್ತು. ಅವತ್ತು ಸಂಜೆಯೇ ಮೇಸ್ತ್ರಿಗೆ ತೋರಿಸಿದೆ. ಅವನು ಕೈಯನ್ನು ಕೋಟಿಗೆ ಒರೆಸಿಕೊಂಡು, ಕಾಗದವನ್ನು ತುಂಬ ಗೌರವದಿಂದ ಹಿಡಿದು, ಬಹಳ ಹೊತ್ತು ನೋಡಿದ.

"ಬೋ ಚೆನ್ನಾಗೈತೆ ಸಾರ್. ಗೆರೆ ಒಂದೂ ಕೊಂಕಿಲ್ಲ. ಚೆಂಡೆಲ್ಲೈತೆ?"

ನಾನು ಇಣುಕಿದೆ. ಚೆಂಡನ್ನು ಬರೆಯಲು ಇಬ್ಬರೂ ಮರೆತಿದ್ದೆವು. ಬರೆದವನೂ ಮರೆತಿದ್ದ, ಪರೀಕ್ಷಿಸಿದವನೂ ಮರೆತಿದ್ದ. ಅದೇನು ದೊಡ್ಡದಲ್ಲ, ಒಂದು ಸೊನ್ನೆ ಸುತ್ತಿದರಾಯಿತು ಎಂದೆ. ಮೇಸ್ತ್ರಿ ನಗಲಿಲ್ಲ.

"ಅವ್ರು ದಿನಾ ನಾನೂರು ಐನೂರು ಚೆಂಡು ಒಡೀತಾರೆ ಸಾರ್, ಚಿಕ್ಕಂದಿನಿಂದ್ಲೂ. ಆ ಮೈ ಅಂಗೆ ತಿರುಗ್ತದೆ. ನೀವು ದಿನಾ ಕುರ್ಚಿ ಮೇಲೆ ಕೂತಿರ್ತೀರಿ. ಅವ್ರ ಮೈ ನಿಮ್ಗೆ ಬರಾಕಿಲ್ಲ. ಬುದ್ಧಿ ಬೇಕಾದ್ರೆ ತಗಬೌದು, ಅದ್ಕೇನು ದುಡ್ಡಿಲ್ಲ. ಈ ಕಾಗ್ದಾನ ಮನೇಲಿಡಿ."

ಮನೆಯಲ್ಲಿಡಲಿಲ್ಲ. ಹದಿನೈದು ದಿನ ಅದನ್ನು ಗೋಡೆಗೆ ಅಂಟಿಸಿಕೊಂಡು ಹಿತ್ತಲಿನಲ್ಲಿ ಕೋಲು ಬೀಸಿದೆ. ಹೆಂಡತಿಯ ತುಳಸಿಕಟ್ಟೆಯ ಒಂದು ಮೂಲೆ ಹಾರಿಹೋಯಿತು. ಮೈದಾನದಲ್ಲಿ ನನ್ನ ಲೆಕ್ಕ ಐವತ್ತೈದರಿಂದ ಅರವತ್ತಮೂರಕ್ಕೆ ಏರಿತು. ಆಗ ಮೇಸ್ತ್ರಿ ಮೊದಲ ಬಾರಿಗೆ ಬೇಡಿಕೊಂಡ. "ಕಪ್ ಮುಗಿಯೋ ಗಂಟ ನಾ ಯೋಳ್ದಂಗೆ ಆಡಿ ಸಾರ್. ಆಮೇಲೆ ನಿಮ್ಮಿಷ್ಟ. ಈ ವಯಸ್ನಲ್ಲಿ ನಾ ಎಲ್ಲೋಗ್ಲಿ?" ನನಗೆ ನಾಚಿಕೆಯಾಯಿತು. ನಕ್ಷೆಯನ್ನು ಗೋಡೆಯಿಂದ ಕಿತ್ತು ಮಡಿಸಿದೆ. ಅವನು ಹೇಳಿದ ಮೂರು ಕೋಲು, ಅವನು ಹೇಳಿದ ಅರ್ಧ ಬೀಸು. ಮತ್ತೆ ಐವತ್ತೈದಕ್ಕೆ ಬಂದೆ.

ಕಪ್ಪಿನ ದಿನ ಮೇಸ್ತ್ರಿ ನನ್ನ ಜೊತೆ ನಡೆಯಬಾರದು, ಮಾತಾಡಬಾರದು ಎಂದು ಕಾರ್ಯದರ್ಶಿಗಳು ಕಟ್ಟುಮಾಡಿದರು. ಗೆಳೆಯ ಮೊದಲ ಮೂರು ಕುಳಿಗಳಲ್ಲೇ ಇಪ್ಪತ್ತೈದು ದಾಟಿ ಕೈಬಿಟ್ಟ. ಉಳಿದವನು ನಾನೊಬ್ಬ. ಎಂಟು ಕುಳಿಗಳನ್ನು ಮೇಸ್ತ್ರಿ ಕಲಿಸಿದ ಹಾಗೆ, ನೋಡುವವರಿಗೆ ಆಕಳಿಕೆ ಬರುವ ಹಾಗೆ ಆಡಿದೆ. ನಲವತ್ತೇಳು. ಕೊನೆಯ ಕುಳಿಗೆ ಏಳು ಹೊಡೆತ ಉಳಿದಿತ್ತು. ಮೇಸ್ತ್ರಿಯ ಕೋಣೆ ಉಳಿಯಲು ಏಳೂ ಸಾಕು.

ಎರಡನೆಯ ಹೊಡೆತಕ್ಕೆ ಚೆಂಡು ಜಾರಿ ಲಂಟಾನಾ ಪೊದೆಯ ಬುಡಕ್ಕೆ ಹೋಯಿತು. ಮುಂದೆ ಮೋರಿ, ಅದರ ಆಚೆ ಕೊನೆಯ ಕಣ, ಅದರ ಹಿಂದೆ ವರಾಂಡ. ವರಾಂಡದ ತುಂಬ ಜನ. ಕಣದ ಪಕ್ಕದಲ್ಲಿ ಗೋಣಿತಟ್ಟು ಹಿಡಿದು ಮೇಸ್ತ್ರಿ ನಿಂತಿದ್ದ. ಬಾಯಿ ತೆರೆಯುವ ಹಾಗಿಲ್ಲ. ಎಡಗೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕೆ ಚಾಚಿದ. ಪಕ್ಕದಲ್ಲಿ ಚೊಕ್ಕ ಬಯಲಿತ್ತು. ಅಲ್ಲಿಗೆ ತಟ್ಟಿದರೆ ಮೂರು. ಮೋರಿ ದಾಟಲು ನಾಲ್ಕು, ಕಣ ಸೇರಲು ಐದು, ಉರುಳಿಸಲು ಇನ್ನೆರಡು, ಒಟ್ಟು ಏಳು. ಅವನ ಕೈಯ ಅರ್ಥ ನನಗೆ ಚೆನ್ನಾಗಿ ಆಯಿತು. ಆಗಲಿಲ್ಲ ಎಂದು ಈಗ ಬರೆದರೆ ಅದು ಸುಳ್ಳು.

ಆದರೆ ಅಷ್ಟು ಜನ ನೋಡುತ್ತಿರುವಾಗ ಅಡ್ಡಕ್ಕೆ ತಟ್ಟುವುದೇ? ಕಾರ್ಯದರ್ಶಿಗಳು ಪೈಪು ಕಚ್ಚಿಕೊಂಡು ನಗುವುದೇ? ನಕ್ಷೆ ಜೇಬಿನಲ್ಲೇ ಇತ್ತು. ಹೌದು, ತಂದಿದ್ದೆ. ಎಡ ಹಿಮ್ಮಡಿಯನ್ನು ಲೆಕ್ಕದ ಪ್ರಕಾರ ಎತ್ತಿದೆ, ಸೊಂಟ ತಿರುಗಿಸಿದೆ, ಒಂದೂವರೆ ಸೆಕೆಂಡಿನಲ್ಲಿ ಚಾಂಪಿಯನ್ನನ ಹಾಗೆ ಬೀಸಿದೆ. ಬೀಸು ಬಹಳ ಚೆನ್ನಾಗಿತ್ತಂತೆ, ಆಮೇಲೆ ಇಬ್ಬರು ಹೇಳಿದರು. ಕೋಲಿಗೆ ಒಂದು ಹಿಡಿ ಲಂಟಾನಾ ಬಂತು. ಚೆಂಡು ಅಲ್ಲೇ ಇತ್ತು. ಅವಮಾನಕ್ಕೆ ಇನ್ನೊಂದು ಬೀಸಿದೆ, ಚೆಂಡು ಇನ್ನೂ ಒಳಕ್ಕೆ ಹೋಯಿತು. ಆ ಕುಳಿಗೆ ನಾನು ಹತ್ತು ಹೊಡೆದೆ. ಒಟ್ಟು ಐವತ್ತೇಳು.

ಕಾರ್ಯದರ್ಶಿಗಳು "ಬ್ಯಾಡ್ ಲಕ್" ಎಂದು ನನ್ನ ಬೆನ್ನು ತಟ್ಟಿದರು. ನಾನು ಯಾರ ಮುಖವನ್ನೂ ನೋಡದೆ ಸೈಕಲ್ಲಿನ ಕಡೆ ನಡೆದೆ. ಮರಳಿನ ಮೇಲೆ ನನ್ನ ಹೆಜ್ಜೆಗಳು ಹಾಗೆಯೇ ಉಳಿದಿವೆ ಎಂದು ಗೇಟಿನ ಹತ್ತಿರ ನೆನಪಾಗಿ ತಿರುಗಿದೆ. ಮೇಸ್ತ್ರಿ ಅವುಗಳ ಮೇಲೆ ಗೋಣಿತಟ್ಟು ಎಳೆಯುತ್ತಿದ್ದ.

ಅವನು ಆ ವಾರವೇ ಕೋಣೆ ಬಿಟ್ಟ. ಮದ್ರಾಸಿನ ಮೇಷ್ಟ್ರು ಬಂದರು. ಶೂಸ್ ಇತ್ತು, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿದ್ದರು. ನನ್ನ ನೀಲಿನಕ್ಷೆಯನ್ನು ನೋಡಿ ಅವರಿಗೆ ಎಷ್ಟು ಸಂತೋಷವಾಯಿತೆಂದರೆ ಅದಕ್ಕೂ ಕಟ್ಟು ಹಾಕಿಸಿ ವರಾಂಡದಲ್ಲಿ ತೂಗುಹಾಕಿದರು. ಚೆಂಡಿಲ್ಲ ಎಂದು ಅವರೂ ಗಮನಿಸಲಿಲ್ಲ.

ಎರಡು ತಿಂಗಳಾದ ಮೇಲೆ ಹಲಸೂರು ಮಾರ್ಕೆಟ್ಟಿನಲ್ಲಿ ಮೇಸ್ತ್ರಿ ಸಿಕ್ಕಿದ. ಅದೇ ಉಣ್ಣೆಯ ಕೋಟು. ಬಿನ್ನಮಂಗಲದಲ್ಲಿ ತಮ್ಮನ ಗುತ್ತಿಗೆ ಜಮೀನಿನ ಒಂದು ಮೂಲೆಯಲ್ಲಿ ಸೊಪ್ಪು ಬೆಳೆದು, ಗೋಣಿತಟ್ಟಿನ ಮೇಲೆ ಹರಡಿಕೊಂಡು ಮಾರುತ್ತಿದ್ದ. ನಾನು ಕೊತ್ತಂಬರಿ ಆರಿಸುತ್ತ ಕೂತೆ.

"ಎಷ್ಟಕ್ಕೆ ಬತ್ತಿದೀರಿ ಸಾರ್ ಈಗ?" ಎಂದು ಅವನೇ ಕೇಳಿದ. ಐವತ್ತೆಂಟು, ಅರವತ್ತು ಎಂದೆ.

"ಆ ದೊಡ್ ಆಟಗಾರ ಅವತ್ತು ಪೊದೇಲಿ ಏನ್ ಮಾಡ್ದ, ಗ್ಯಾನ ಐತಾ? ಅಡ್ಡಕ್ಕೆ ತಟ್ದ. ಅಷ್ಟು ಜನದ ಮುಂದೆ ನಾಚ್ಕೆ ಬಿಟ್ಟು ತಟ್ದ ನೋಡಿ. ಅವನಿಂದ ನೀವು ನಾವು ತಗಳ್ಳೋಕಾಗೋದು ಅದೊಂದೇ ಸಾರ್." ಒಂದು ಕಟ್ಟು ಮೆಂತ್ಯವನ್ನು ಹಾಗೇ ನನ್ನ ಚೀಲಕ್ಕೆ ಹಾಕಿದ. ಬೈದಿದ್ದರೆ ಚೆನ್ನಾಗಿತ್ತು. ಅವನು ಆಗಲೂ ಕಲಿಸುತ್ತಿದ್ದ.

ಮುಂದಿನ ತಿಂಗಳ ಕಪ್ಪಿನಲ್ಲಿ ನಾನು ಅವನ ಮೂರು ಕೋಲುಗಳನ್ನೇ ಒಯ್ದೆ. ಎರಡು ಸಲ ಚೆಂಡು ಪೊದೆಗೆ ಹೋಯಿತು, ಎರಡು ಸಲವೂ ಅಡ್ಡಕ್ಕೆ ತಟ್ಟಿದೆ. ವರಾಂಡದಲ್ಲಿ ಯಾರೂ ನಗಲಿಲ್ಲ. ಸತ್ಯ ಹೇಳಬೇಕೆಂದರೆ, ಯಾರೂ ನೋಡಿಯೇ ಇರಲಿಲ್ಲ. ಐವತ್ತಮೂರು ಹೊಡೆತಗಳಲ್ಲಿ ಮುಗಿಸಿದೆ. ಸಂಜೆ ಟೀ ಹೊತ್ತಿಗೆ ಕಾರ್ಯದರ್ಶಿಗಳು ಎದ್ದು ನಿಂತು, ಹೊಸ ಮೇಷ್ಟ್ರು ಬಂದ ಕೆಲವೇ ತಿಂಗಳಲ್ಲಿ ಎಂಥ ಬದಲಾವಣೆ, ಟ್ರೈನಿಂಗ್ ಅಂದರೆ ಇದು ಎಂದು ಹೇಳಿ ನನ್ನ ಕಡೆ ಕೈ ತೋರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಇದು ಇವರು ಕಲಿಸಿದ್ದಲ್ಲ ಎಂದಿದ್ದರೆ ಸಾಕಿತ್ತು. ನಾನು ಎದ್ದು ನಿಂತು, ನಕ್ಕು, ಹೊಸ ಮೇಷ್ಟ್ರ ಕೈ ಕುಲುಕಿದೆ.

ಆಮೇಲೆ ನಾನು ಸೊಪ್ಪು ತರಕಾರಿಯನ್ನು ಶಿವಾಜಿನಗರದಿಂದ ತರತೊಡಗಿದೆ. ಮನೆಯ ಹತ್ತಿರವೇ ಹಲಸೂರು ಮಾರ್ಕೆಟ್ ಇಟ್ಟುಕೊಂಡು ಅಷ್ಟು ದೂರ ಯಾಕೆ ಸೈಕಲ್ ತುಳೀತೀರಿ, ಮೊದಲು ತರುತ್ತಿದ್ದ ಮೆಂತ್ಯ ಇದಕ್ಕಿಂತ ಎಳೆಯದಾಗಿತ್ತಲ್ಲ ಎಂದು ಹೆಂಡತಿ ಎಷ್ಟೋ ದಿನ ಕೇಳಿದಳು. ಅಲ್ಲಿ ಸೊಪ್ಪು ಅಗ್ಗ ಎಂದು ಹೇಳಿದೆ.